ಎರಡು ಮದ್ದು

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಎರಡು ಅರ್ಥ. ತೋಪಿಗೆ ತುಂಬುವುದೂ ಮದ್ದು, ಜ್ವರ ಬಂದವನಿಗೆ ಕುಡಿಸುವುದೂ ಮದ್ದು. ಸೈನಿಕನ ಬಾಳು ಈ ಎರಡರ ನಡುವೆ ಸಾಗುತ್ತದೆ. ಮೊದಲನೆಯ ಮದ್ದನ್ನು ಅವನ ಕೈಗೆ ಮುಟ್ಟಿಸುವಾಗ ದಾರಿ ದೂರವೆಂದೋ ಬೆಟ್ಟ ಎತ್ತರವೆಂದೋ ಯಾವ ಸರ್ಕಾರವೂ ಕೈಚೆಲ್ಲಿಲ್ಲ. ಹೇಸರಗತ್ತೆಯ ಬೆನ್ನ ಮೇಲೆ, ಹೆಲಿಕಾಪ್ಟರಿನ ಹೊಟ್ಟೆಯಲ್ಲಿ, ಕೊನೆಗೆ ಮನುಷ್ಯರ ಹೆಗಲ ಮೇಲೆ ಹೊತ್ತಾದರೂ ಅದು ಹಿಮದ ತುದಿ ತಲುಪುತ್ತದೆ. ಎರಡನೆಯ ಮದ್ದಿನ ವಿಷಯ ಬಂದಾಗ, ಅದರಲ್ಲೂ ಅವನು ಸಮವಸ್ತ್ರ ಬಿಚ್ಚಿಟ್ಟು ಊರಿಗೆ ಬಂದ ಮೇಲೆ, ಲೆಕ್ಕ ಬದಲಾಗುತ್ತದೆ. ಆಗ ದಾರಿ ಸವೆಸಬೇಕಾದವನು ಅವನೇ.

ಸೇವೆಯಲ್ಲಿರುವ ಸೈನಿಕನಿಗಾಗಿ ಸರ್ಕಾರ ಏನೆಲ್ಲ ಮಾಡಬಲ್ಲದು ಎಂಬುದನ್ನು ಕನ್ನಡಿಗರು 2016ರ ಫೆಬ್ರವರಿಯಲ್ಲಿ ಕಣ್ಣಾರೆ ಕಂಡಿದ್ದೇವೆ. ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. ಆ ಎತ್ತರದಿಂದ ಅವರನ್ನು ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದು, ಇದ್ದಬದ್ದ ವೈದ್ಯವಿದ್ಯೆಯನ್ನೆಲ್ಲ ಪಣಕ್ಕಿಟ್ಟರು. ಫೆಬ್ರವರಿ 11ರಂದು ಅವರು ತೀರಿಕೊಂಡಾಗ ನಾಡೆಲ್ಲ ಕಣ್ಣೀರಿಟ್ಟಿತು. ಆ ಹೋರಾಟದಲ್ಲಿ ಯಾರೂ ಖರ್ಚಿನ ಮಾತೆತ್ತಲಿಲ್ಲ, ದೂರದ ಮಾತೆತ್ತಲಿಲ್ಲ. ಎತ್ತಬಾರದಿತ್ತು ಕೂಡ. ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ: ಸೈನಿಕನ ದೇಹದ ಮೇಲೆ ಸರ್ಕಾರಕ್ಕಿರುವ ಹೊಣೆ ಯಾವ ದಿನ, ಯಾವ ಊರಿನ ಗಡಿಯಲ್ಲಿ ಮುಗಿಯುತ್ತದೆ?

ಅಂಥ ಒಂದು ಗಡಿ ರಾಯಚೂರು ಜಿಲ್ಲೆಯಲ್ಲಿದೆ. ಜೇವರ್ಗಿ ಕಡೆಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿ ಬಳ್ಳಾರಿಯತ್ತ ಸಾಗುತ್ತದೆ. ಒಂದು ಕಡೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ, ನಡುವೆ ಹತ್ತಿ, ತೊಗರಿ, ಜೋಳದ ಎರೆಭೂಮಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಈ ನೆಲದಲ್ಲಿ ಸೇನೆಯ ನೌಕರಿಯೆಂದರೆ ಮನೆಗೊಂದು ಆಧಾರ. ‘ಮಗ ಮಿಲ್ಟ್ರ್ಯಾಗ ಅದಾನ’ ಎಂಬ ಮಾತಿಗೆ ಊರಲ್ಲಿ ತೂಕವಿದೆ. ಮಸ್ಕಿ ತಾಲೂಕಿನ ಒಂದು ಹಳ್ಳಿಯ ಹವಾಲ್ದಾರರೊಬ್ಬರು ನಲವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಪಿಂಚಣಿ ಇದೆ, ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯ ಸ್ಮಾರ್ಟ್ ಕಾರ್ಡೂ ಇದೆ. ಆ ಯೋಜನೆಯನ್ನು ಎಲ್ಲರೂ ಇಸಿಎಚ್‌ಎಸ್ ಎಂದೇ ಕರೆಯುತ್ತಾರೆ. ಸಕ್ಕರೆ ಕಾಯಿಲೆಗೆ ತಿಂಗಳ ಗುಳಿಗೆ ಬೇಕು, ಹೆಂಡತಿಗೆ ಮಂಡಿನೋವು, ಅಪ್ಪನಿಗೆ ಕಣ್ಣಿನ ಪೊರೆ. ಈ ಯೋಜನೆಯ ಪಾಲಿಕ್ಲಿನಿಕ್‌ಗಳಿರುವ ಕಲಬುರಗಿಯಾಗಲಿ ವಿಜಯಪುರವಾಗಲಿ ಮಸ್ಕಿಯಿಂದ 150 ಕಿಲೋಮೀಟರಿಗೂ ಆಚೆ. ಜಿಲ್ಲಾ ಕೇಂದ್ರ ರಾಯಚೂರೇ ನೂರು ಕಿಲೋಮೀಟರಿನ ಸಮೀಪ. ಕಾರ್ಡು ಜೇಬಿನಲ್ಲಿದೆ, ಮದ್ದು ಮಾತ್ರ ಇನ್ನೊಂದು ಜಿಲ್ಲೆಯಲ್ಲಿ.

ಹಾಗೆಂದು ಈ ಯೋಜನೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. 2003ರ ಏಪ್ರಿಲ್ 1ರಂದು ಅದು ಶುರುವಾಗುವ ಮುನ್ನ ನಿವೃತ್ತ ಸೈನಿಕನಿಗೆ ಇದ್ದದ್ದು ಮುಖ್ಯವಾಗಿ ಸೇನಾ ಆಸ್ಪತ್ರೆ ಮಾತ್ರ. ಅಲ್ಲಿ ಸೇವೆಯಲ್ಲಿರುವವರಿಗೆ ಕೊಟ್ಟು ಮಂಚ ಉಳಿದರೆ ಇವರಿಗೆ. ಹೊಸ ಯೋಜನೆ ಈ ಉಳಿಕೆಪಾಲನ್ನು ಹಕ್ಕಾಗಿ ಬದಲಿಸಿತು. ನಿವೃತ್ತರಾಗುವಾಗ ಒಮ್ಮೆ ವಂತಿಗೆ ಕಟ್ಟಬೇಕು: ಹವಾಲ್ದಾರ್ ಹಂತದವರೆಗೆ 30,000 ರೂಪಾಯಿ, ಸುಬೇದಾರ್ ವರ್ಗಕ್ಕೆ 67,000, ಅಧಿಕಾರಿಗಳಿಗೆ 1,20,000. 1996ಕ್ಕಿಂತ ಮೊದಲು ನಿವೃತ್ತರಾದವರಿಗೆ ಅದೂ ಇಲ್ಲ. ಆಮೇಲೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು, ಆದಾಯದ ಮಿತಿಯೊಳಗಿರುವ ತಂದೆತಾಯಿ ಎಲ್ಲರಿಗೂ ಜೀವನಪರ್ಯಂತ ಚಿಕಿತ್ಸೆ. ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಚೀಟಿ ಹಿಡಿದು ಒಪ್ಪಂದದ ಖಾಸಗಿ ಆಸ್ಪತ್ರೆಗೆ. ದೇಶದಲ್ಲಿ ಇಂಥ ಪಾಲಿಕ್ಲಿನಿಕ್‌ಗಳು 400ಕ್ಕೂ ಹೆಚ್ಚಿವೆ, ಫಲಾನುಭವಿಗಳು 50 ಲಕ್ಷ ದಾಟಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆಯಾಗಿ ಒಂದು ರೂಪಾಯಿ ಬಿಚ್ಚದೆ ಮನೆಗೆ ಬಂದ ಸುಬೇದಾರರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ.

ತಕರಾರಿರುವುದು ಅದರ ಎರಡು ಅಳತೆಗೋಲುಗಳ ಬಗ್ಗೆ. ಯಾರು ಅರ್ಹರು ಎಂಬುದನ್ನು ಯೋಜನೆ ಅಳೆಯುವುದು ಪಿಂಚಣಿಯಿಂದ. ಅರ್ಹರಾದವರಿಗೆ ಎಲ್ಲಿ ಸಿಗುತ್ತದೆ ಎಂಬುದು ನಿಂತಿರುವುದು ಸೇನೆಯ ಹಳೆಯ ನಕಾಶೆಯ ಮೇಲೆ. ಸೈನಿಕನ ದೇಹವನ್ನಾಗಲಿ ಅವನ ಹಳ್ಳಿಯನ್ನಾಗಲಿ ಈ ಅಳತೆಗಳು ಕೇಳುವುದಿಲ್ಲ.

ಪಿಂಚಣಿಯ ಅಳತೆಯನ್ನೇ ಮೊದಲು ನೋಡೋಣ. ಜವಾನನಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಹದಿನೈದು ವರ್ಷ, ಅಧಿಕಾರಿಗೆ ಇಪ್ಪತ್ತು ವರ್ಷ ತುಂಬಬೇಕು. ಅದಕ್ಕೆ ಮೊದಲು ಹೊರಬಂದವನ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇವೆ ದಾಖಲಾಗಿರುತ್ತದೆ. ಮಾಜಿ ಸೈನಿಕನೆಂಬ ಗುರುತಿನ ಚೀಟಿಯೂ ಸಿಕ್ಕಿರಬಹುದು. ಪಿಂಚಣಿ ಇಲ್ಲದಿದ್ದರೆ ಪಾಲಿಕ್ಲಿನಿಕ್ಕಿನ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಹವಾಲ್ದಾರ್ ಹಂತದವರೆಗಿನ ಇಂಥವರಿಗೆ ರಕ್ಷಣಾ ಇಲಾಖೆಯ ಕಲ್ಯಾಣ ನಿಧಿಯಿಂದ ಚಿಕಿತ್ಸಾ ಧನಸಹಾಯ ಉಂಟು. 2023ರಲ್ಲಿ ಅದರ ಮಿತಿಯನ್ನು 30,000ದಿಂದ 50,000 ರೂಪಾಯಿಗೆ ಏರಿಸಿದರು. ಒಳ್ಳೆಯದೇ. ಆದರೆ ಅರ್ಜಿ ಹಾಕಿ ಕಾಯಬೇಕಾದದ್ದು ಸಹಾಯ, ಕಾರ್ಡು ತೋರಿಸಿ ಪಡೆಯುವುದು ಹಕ್ಕು. ಎರಡರ ನಡುವಿನ ಅಂತರ ಕಾಯಿಲೆ ಬಿದ್ದವನಿಗೆ ಚೆನ್ನಾಗಿ ಗೊತ್ತು.

ಊರಿನ ಲೆಕ್ಕಕ್ಕೂ ಕಚೇರಿಯ ಲೆಕ್ಕಕ್ಕೂ ಇನ್ನೊಂದು ಕಡೆ ತಾಳ ತಪ್ಪುತ್ತದೆ. ಗಡಿ ಭದ್ರತಾ ಪಡೆಯಲ್ಲಿದ್ದವನನ್ನೂ ಸಿಆರ್‌ಪಿಎಫ್‌ನಲ್ಲಿದ್ದವನನ್ನೂ ಹಳ್ಳಿ ‘ಮಿಲ್ಟ್ರಿ ಮನುಷ್ಯ’ ಎಂದೇ ಕರೆಯುತ್ತದೆ. ಕಡತ ಹಾಗೆ ಕರೆಯುವುದಿಲ್ಲ. ಅವರು ಗೃಹ ಸಚಿವಾಲಯದವರು, ಇಸಿಎಚ್‌ಎಸ್ ಅವರದಲ್ಲ. ನಿವೃತ್ತರಾದ ಮೇಲೆ ಕೇಂದ್ರ ನೌಕರರ ಆರೋಗ್ಯ ಯೋಜನೆಯೇ ಅವರಿಗೆ ಗತಿ, ಅದರ ಕೇಂದ್ರಗಳಿರುವುದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ಒಂದೇ ಗಡಿಯಲ್ಲಿ ಅಕ್ಕಪಕ್ಕ ನಿಂತು ಒಂದೇ ಚಳಿ ಉಂಡ ಇಬ್ಬರಿಗೆ ಮುಪ್ಪಿನಲ್ಲಿ ಬೇರೆ ಬೇರೆ ಬಾಗಿಲು.

ಈಗ ಈ ಪಟ್ಟಿಗೆ ಅಗ್ನಿವೀರರು ಸೇರುತ್ತಾರೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಸೇನೆಯಲ್ಲಿ ಉಳಿಯುವವರು ನೂರಕ್ಕೆ ಇಪ್ಪತ್ತೈದು ಮಂದಿ. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಹೆಸರಿಲ್ಲ, ಕ್ಯಾಂಟೀನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಇದನ್ನು ಷರತ್ತಿನಲ್ಲೇ ಬರೆದಿದ್ದಾರೆ. ಸೇವೆಯ ಕಾರಣಕ್ಕೆ ಅಂಗವಿಕಲನಾದರೆ ಶೇಕಡಾ 50, 75, 100 ಎಂಬ ಮೂರು ಮೆಟ್ಟಿಲಲ್ಲಿ 15, 25, 44 ಲಕ್ಷ ರೂಪಾಯಿಗಳ ಇಡಿಗಂಟು. ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭಕ್ಕೆ. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ಊರಿಗೆ ಬರುತ್ತಾರೆ. ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತಾರೆ.

ಸಿಕ್ಕು ಇರುವುದು ಆ ಗಟ್ಟಿಮುಟ್ಟಿನಲ್ಲೇ. ಇದನ್ನು ತಿಳಿಯಲು ಮಸ್ಕಿಯವರು ಬಹಳ ದೂರ ಹೋಗಬೇಕಿಲ್ಲ, ಹಟ್ಟಿಗೆ ಹೋದರೆ ಸಾಕು. ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್ ಕೆಲಸದ ದಿನವೇ ಕಾಣಿಸಿಕೊಳ್ಳುವ ರೋಗವಲ್ಲ. ಪುಪ್ಪುಸದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು, ಗಣಿ ಬಿಟ್ಟ ಎಷ್ಟೋ ಕಾಲದ ಮೇಲೆ ಉಸಿರು ಹಿಡಿಯುತ್ತದೆ. ಅದಕ್ಕೇ ನಮ್ಮ ಕಾನೂನು ಅದನ್ನು ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಇಟ್ಟಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಹಿಂದಿದ್ದ ತತ್ವ ಸರಳ: ಕೆಲಸ ತಂದ ಕಾಯಿಲೆಗೆ ಕೆಲಸ ಕೊಟ್ಟವನು ಹೊಣೆ. ಅಲ್ಲಿ ಶೌರ್ಯದ ಮಾತಿಲ್ಲ, ತ್ಯಾಗದ ಭಾಷಣವಿಲ್ಲ.

ಸೈನಿಕನ ದೇಹದಲ್ಲೂ ಇಂಥ ತಡವಾದ ಕಾಯಿಲೆಗಳಿವೆ. ಫಿರಂಗಿಯ ಪಕ್ಕ ನಿಂತ ಕಿವಿ ನಲವತ್ತರ ನಂತರ ಮಂದವಾಗುತ್ತದೆ. ಮಣಭಾರ ಹೊತ್ತು ಬೆಟ್ಟ ಹತ್ತಿಳಿದ ಮಂಡಿ, ಬೆನ್ನೆಲುಬು ನಿಧಾನವಾಗಿ ಬಿಲ್ಲು ಕೇಳುತ್ತವೆ. ಕಂಡದ್ದನ್ನು ಯಾರಿಗೂ ಹೇಳಲಾಗದೆ ನಿದ್ದೆಗೆಟ್ಟ ಮನಸ್ಸು ಇನ್ನೂ ತಡ. ಊರವರು ಅದಕ್ಕೆ ‘ಯಾಕೋ ತಲಿ ಕೆಟ್ಟದ’ ಎಂದು ಸುಲಭದ ಹೆಸರಿಟ್ಟು ಸುಮ್ಮನಾಗುತ್ತಾರೆ. ಸೇವೆ ಬಿಡುವ ದಿನ ಶೇಕಡಾವಾರು ಬರೆದು ಕಡತ ಮುಚ್ಚುವ ಪದ್ಧತಿಯಲ್ಲಿ ಈ ಯಾವುದಕ್ಕೂ ಜಾಗವಿಲ್ಲ. ಇಡಿಗಂಟು ಕೊಟ್ಟರೆ ಅಂದಿನ ಗಾಯದ ಬಾಬತ್ತು ತೀರಿತು. ಹದಿನೈದು ವರ್ಷದ ಮೇಲೆ ಎದ್ದು ಬರುವ ನೋವು ಯಾರ ಬಾಗಿಲು ತಟ್ಟಬೇಕು?

ಈ ತರ್ಕವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಒಂದು ಮಟ್ಟಿಗೆ ಒಪ್ಪಿದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ, ಸುಮಾರು ಒಂಬತ್ತು ವರ್ಷ ಸೇವೆ ಸಲ್ಲಿಸಿ ಮೂರ್ಛೆರೋಗದ ಕಾರಣಕ್ಕೆ ಹೊರಬಂದ ಸೈನಿಕನಿಗೆ ಅಂಗವಿಕಲ ಪಿಂಚಣಿ ನಿರಾಕರಿಸಲಾಗಿತ್ತು. ಸೇರುವಾಗ ಆರೋಗ್ಯವಂತನೆಂದು ಬರೆದುಕೊಂಡ ಮೇಲೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಮೊದಲು ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊರೆ ಸರ್ಕಾರದ್ದು, ಸೈನಿಕನದ್ದಲ್ಲ ಎಂದಿತು ನ್ಯಾಯಾಲಯ. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ಗಣಿಯ ಕೂಲಿಗೆ ಇರುವ ನ್ಯಾಯವೇ ಇದು. ಪಿಂಚಣಿಗೆ ಒಪ್ಪಿದ ಈ ಮಾತನ್ನು ಚಿಕಿತ್ಸೆಗೂ ಅನ್ವಯಿಸಿದರೆ, ಎಷ್ಟು ವರ್ಷ ಸೇವೆ ಎಂಬ ಪ್ರಶ್ನೆ ಹಿಂದೆ ಸರಿದು ಸೇವೆ ದೇಹಕ್ಕೆ ಏನು ಮಾಡಿತು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಅರ್ಹತೆಯ ಗೆರೆ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. 2019ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಎರಡನೆಯ ಮಹಾಯುದ್ಧದ ಯೋಧರನ್ನೂ, ಪಿಂಚಣಿಯಿಲ್ಲದ ಅಲ್ಪಾವಧಿ ಮತ್ತು ತುರ್ತು ನೇಮಕಾತಿಯ ಅಧಿಕಾರಿಗಳನ್ನೂ ಈ ಯೋಜನೆಯೊಳಕ್ಕೆ ತಂದಿತು. ತರಬೇತಿಯಲ್ಲೇ ಗಾಯಗೊಂಡು, ಅಧಿಕಾರಿಯಾಗುವ ಮುನ್ನವೇ ಮನೆಗೆ ಹೋದ ಕೆಡೆಟ್‌ಗಳ ಪಾಡನ್ನು 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಕೈಗೆತ್ತಿಕೊಂಡಿತು. ಆ ವರ್ಷದ ಆಗಸ್ಟ್‌ನಲ್ಲಿ ಅವರಿಗೂ ವಂತಿಗೆ ಇಲ್ಲದೆ ಬಾಗಿಲು ತೆರೆಯಿತು. ಒಂದು ದಿನವೂ ಅಧಿಕಾರಿಯಾಗಿ ದುಡಿಯದವನಿಗೆ ಕೊಟ್ಟದ್ದು ಸರಿ ಎಂದಾದರೆ, ಅದಕ್ಕೆ ಕಾರಣ ಅವನ ಗಾಯ, ಅವನ ಸೇವಾವಧಿಯಲ್ಲ. ಹಾಗಿದ್ದ ಮೇಲೆ ನಾಲ್ಕು ವರ್ಷ ಗಡಿ ಕಾಯ್ದವನಿಗೆ ಅದೇ ಮಾತು ಏಕೆ ಸಲ್ಲಬಾರದು? ಇದುವರೆಗಿನ ಈ ಸಡಿಲಿಕೆಗಳಲ್ಲಿ ಅಧಿಕಾರಿಗಳ ಸಾಲಿನವರೇ ಹೆಚ್ಚಾಗಿ ಕಾಣುತ್ತಾರೆ ಎಂಬುದನ್ನೂ ಗಮನಿಸಬೇಕು. ಜವಾನನ ಸರದಿ ನಿಧಾನ.

ಇನ್ನು ದೂರದ ಅಳತೆ. ಕರ್ನಾಟಕದಲ್ಲಿ ಸೇನೆ ಎಂದರೆ ಮನಸ್ಸಿಗೆ ಬರುವುದು ಕಾರ್ಯಪ್ಪ, ತಿಮ್ಮಯ್ಯರ ಕೊಡಗು, ಮರಾಠಾ ಲಘು ಪದಾತಿದಳದ ಬೆಳಗಾವಿ, ದಂಡುಪ್ರದೇಶದ ಬೆಂಗಳೂರು. ಸೌಲಭ್ಯಗಳು ಮೊದಲು ಬೆಳೆದದ್ದೂ ಅಲ್ಲೇ. ಇದರಲ್ಲಿ ಸಂಚೇನೂ ಇಲ್ಲ, ಜನ ಹೆಚ್ಚಿದ್ದ ಕಡೆ ಆಸ್ಪತ್ರೆ ಬಂತು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್‌ನಲ್ಲಿ ಮಾಜಿ ಸೈನಿಕರು ಹಳ್ಳಿಗೊಬ್ಬ, ಹೋಬಳಿಗೆ ಹತ್ತು ಮಂದಿ ಎಂಬಂತೆ ಚೆದುರಿದ್ದಾರೆ. ತಲೆ ಎಣಿಸಿ ಆಸ್ಪತ್ರೆ ಕಟ್ಟುವ ಲೆಕ್ಕದಲ್ಲಿ ಅವರ ಸರದಿ ಬರುವುದೇ ಇಲ್ಲ. ಕಾಳಗಗಳಿಗೆ ಹೆಸರಾದ ನೆಲ ಇದು. ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ವಿಜಯನಗರದ, ವಿಜಾಪುರದ ಎಷ್ಟು ದಂಡು ಇಲ್ಲಿ ಬೀಡುಬಿಟ್ಟಿವೆಯೋ! ಅಂಥ ನೆಲದಲ್ಲಿ ಸೈನಿಕನಿಗೆ ರಕ್ತದೊತ್ತಡದ ಗುಳಿಗೆ ಬೇಕೆಂದರೆ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು.

ತುರ್ತಿದ್ದರೆ ಯಾವ ಆಸ್ಪತ್ರೆಗಾದರೂ ಸೇರಬಹುದು, ಎರಡು ದಿನದೊಳಗೆ ತಿಳಿಸಿದರೆ ಹಣ ಮರಳುತ್ತದೆ ಎಂದು ನಿಯಮ ಹೇಳುತ್ತದೆ. ನಿಜ. ಆದರೆ ಮರಳುವುದು ಸರ್ಕಾರಿ ದರದ ಲೆಕ್ಕದಲ್ಲಿ, ಕೊಡಬೇಕಾದದ್ದು ಆಸ್ಪತ್ರೆಯ ದರದಲ್ಲಿ, ಅದೂ ಮೊದಲೇ. ನಡುವಿನ ತಿಂಗಳುಗಳಿಗೆ ಬಡ್ಡಿ ಕಟ್ಟುವವನು ಸೈನಿಕ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವುಗಳಂತೂ ತುರ್ತಿನ ಪಟ್ಟಿಗೇ ಬರುವುದಿಲ್ಲ. ತಿಂಗಳು ತಿಂಗಳೂ ಸವೆಸುವ ಈ ಕಾಯಿಲೆಗಳೇ ದೂರಕ್ಕೆ ಸಿಕ್ಕಿ ತುರ್ತಾಗುತ್ತವೆ. ಬಸ್ ಚಾರ್ಜು, ಒಂದು ದಿನದ ದುಡಿಮೆ, ಮೊಮ್ಮಗನ ರಜೆ ಎಲ್ಲ ಕೂಡಿಸಿದರೆ ಪುಕ್ಕಟೆ ಗುಳಿಗೆ ಮಸ್ಕಿಯ ಅಂಗಡಿಯ ಗುಳಿಗೆಗಿಂತ ತುಟ್ಟಿ ಬೀಳುತ್ತದೆ. ಆಗ ಅವನು ಹೋಗುವುದನ್ನೇ ಬಿಡುತ್ತಾನೆ. ಕಡತದಲ್ಲಿ ಅವನು ಸೌಲಭ್ಯ ಪಡೆದ ಫಲಾನುಭವಿಯಾಗಿಯೇ ಉಳಿಯುತ್ತಾನೆ.

ದೂರವನ್ನೇ ಅರ್ಹತೆಯ ಭಾಗವಾಗಿಸಿದ ದೇಶವೊಂದಿದೆ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಸರ್ಕಾರದ್ದೇ ದೊಡ್ಡ ಆಸ್ಪತ್ರೆ ಜಾಲವಿದೆ. ಆದರೂ 2018ರ ಮಿಷನ್ ಕಾಯ್ದೆಯ ಪ್ರಕಾರ ಸಾಮಾನ್ಯ ಚಿಕಿತ್ಸೆಗೆ ಸರಾಸರಿ ಮೂವತ್ತು ನಿಮಿಷ, ತಜ್ಞರ ಚಿಕಿತ್ಸೆಗೆ ಅರವತ್ತು ನಿಮಿಷಕ್ಕಿಂತ ಹೆಚ್ಚು ವಾಹನ ಓಡಿಸಬೇಕಾದರೆ, ಸೈನಿಕ ತನ್ನ ಊರ ಬಳಿಯ ಖಾಸಗಿ ವೈದ್ಯರಲ್ಲಿ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ ಪಡೆಯಬಹುದು. ಅವರ ವ್ಯವಸ್ಥೆಯ ಹುಳುಕುಗಳು ಬೇರೆಯೇ ಇವೆ, ಅದನ್ನು ಇಡಿಯಾಗಿ ತರಬೇಕೆಂದು ನಾನು ಹೇಳುತ್ತಿಲ್ಲ. ನಿಮಿಷ ಎಣಿಸುವ ಆ ಬುದ್ಧಿ ಮಾತ್ರ ಎರವಲಿಗೆ ಯೋಗ್ಯ. ಅದಕ್ಕೂ ಅಮೆರಿಕದವರೆಗೆ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ಸಿವಿಲ್ ಪಿಂಚಣಿದಾರರು ಆರೋಗ್ಯ ಕೇಂದ್ರಗಳ ವ್ಯಾಪ್ತಿಯಿಂದ ಹೊರಗಿದ್ದರೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಕೊಡುವ ಪದ್ಧತಿ ನಮ್ಮಲ್ಲೇ ಇದೆ. ಮೊತ್ತ ಸಣ್ಣದು, ಆದರೆ ದೂರಕ್ಕೂ ಒಂದು ಬೆಲೆಯಿದೆ ಎಂಬ ಒಪ್ಪಿಗೆ ಅದರಲ್ಲಿದೆ.

ಈ ವಾದಕ್ಕೆ ಗಟ್ಟಿಯಾದ ಎದುರುವಾದಗಳೂ ಇವೆ. ಸೇರುವಾಗ ಷರತ್ತು ಓದಿ ಸಹಿ ಹಾಕಿದವನು ಆಮೇಲೆ ಕೇಳುವುದು ಸರಿಯೇ ಎನ್ನುತ್ತಾರೆ. ಗಣಿಗೆ ಇಳಿಯುವವನೂ ಸಹಿ ಹಾಕಿಯೇ ಇಳಿಯುತ್ತಾನೆ. ಅವನ ಪುಪ್ಪುಸಕ್ಕೆ ಕಂಪನಿ ಹೊಣೆಯಲ್ಲ ಎಂದು ಆ ಸಹಿಯ ಬಲದಿಂದ ಯಾವ ಕಾನೂನೂ ಹೇಳುವುದಿಲ್ಲ. ಖಾಸಗಿ ಮಾಲೀಕನಿಗೆ ಬೇಡವೆಂದದ್ದನ್ನು ಸರ್ಕಾರ ತನಗೆ ತಾನೇ ಬರೆದುಕೊಳ್ಳಬಾರದು.

ಖರ್ಚಿನ ಮಾತು ಇನ್ನೊಂದು. ನಾಲ್ಕು ವರ್ಷ ಸೇವೆ ಮಾಡಿದ ಎಲ್ಲರಿಗೂ ಕುಟುಂಬ ಸಮೇತ ಜೀವನವಿಡೀ ಚಿಕಿತ್ಸೆ ಎಂದರೆ ಬೊಕ್ಕಸಕ್ಕೆ ಭಾರವೆಂಬುದು ನಿಜ. ಅದಕ್ಕೇ ಕೇಳಬೇಕಾದದ್ದು ಅಷ್ಟನ್ನಲ್ಲ. ಸೇವೆಯಿಂದ ಹುಟ್ಟಿದ ಕಾಯಿಲೆಗೆ, ಆ ಸೈನಿಕನಿಗೆ, ಸೇವಾವಧಿ ಎಷ್ಟೇ ಇರಲಿ, ಚಿಕಿತ್ಸೆ. ಉಳಿದ ಕಾಯಿಲೆಗಳಿಗೆ ಅವನೂ ನಾಡಿನ ಎಲ್ಲ ಪ್ರಜೆಗಳಂತೆ.

ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುವುದು. ರಣಬಿಸಿಲಲ್ಲಿ ಹತ್ತಿ ಬಿಡಿಸುವ ಹೆಂಗಸಿಗೆ, ಸಿಂಧನೂರಿನ ಗದ್ದೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಕೀಟನಾಶಕ ಹೊಡೆಯುವ ಕೂಲಿಗೆ ಇಲ್ಲದ ವಿಶೇಷ ಸೈನಿಕನಿಗೇಕೆ? ರಾಯಚೂರು ಕೇಂದ್ರ ಸರ್ಕಾರವೇ ಹಿಂದುಳಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿದ ಜಿಲ್ಲೆ. ಇಲ್ಲಿ ಆಸ್ಪತ್ರೆಯ ದೂರ ಎಲ್ಲರಿಗೂ ದೂರವೇ. ಸೈನಿಕನನ್ನು ಮಾತ್ರ ಎತ್ತರದ ಪೀಠದಲ್ಲಿ ಕೂರಿಸಿ ಕೇಳಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಹೊಣೆಯ ನೆಲೆಯಲ್ಲಿ ಕೇಳಿದರೆ ಉತ್ತರವಿದೆ: ದುಡಿಮೆ ತಂದ ಕಾಯಿಲೆಗೆ ದುಡಿಸಿಕೊಂಡವರು ಹೊಣೆ ಎಂಬ ನಿಯಮ ಸೈನಿಕನಲ್ಲಿ ಗಟ್ಟಿಯಾದರೆ, ಕೂಲಿಯವಳು ನಾಳೆ ಅದನ್ನೇ ಹಿಡಿದು ಕೇಳಬಹುದು.

ಪರಿಹಾರವನ್ನೂ ಅದೇ ದಿಕ್ಕಿನಲ್ಲಿ ಹುಡುಕಬೇಕು. ಮಸ್ಕಿಯಲ್ಲಿ ಹತ್ತಿಪ್ಪತ್ತು ಕುಟುಂಬಕ್ಕಾಗಿ ಬೇರೆಯೇ ಪಾಲಿಕ್ಲಿನಿಕ್ ಕಟ್ಟುವುದು ಜಾಣತನವಲ್ಲ. ಲಿಂಗಸುಗೂರು, ಸಿಂಧನೂರಿನ ತಾಲೂಕು ಆಸ್ಪತ್ರೆಗಳನ್ನು ಈ ಯೋಜನೆಯ ಮೊದಲ ಬಾಗಿಲೆಂದು ಒಪ್ಪಿಕೊಂಡು, ಅಲ್ಲಿನ ವೈದ್ಯರ ಚೀಟಿಗೆ ಪಾಲಿಕ್ಲಿನಿಕ್ ಚೀಟಿಯ ಬೆಲೆ ಕೊಡಬಹುದು. ಚೀಟಿ ಹಿಡಿದವನಿಗೆ ರಾಯಚೂರಿನ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಮುಂದಿನ ಮೆಟ್ಟಿಲಾಗಬಹುದು. ತಿಂಗಳ ಗುಳಿಗೆ ಅಂಚೆಯಲ್ಲಿ ಬರಬಹುದು. ಅದಕ್ಕೆ ತಗಲುವ ಹಣವನ್ನು ಯೋಜನೆ ಆ ಆಸ್ಪತ್ರೆಗಳಿಗೇ ಕೊಡಲಿ. ಸೈನಿಕನ ನೆಪದಲ್ಲಿ ಸಿಂಧನೂರಿಗೆ ಬಂದ ಕಿವಿ ಪರೀಕ್ಷೆಯ ಯಂತ್ರ, ದಿನವಿಡೀ ಅಕ್ಕಿ ಗಿರಣಿಯ ಸದ್ದಿನಲ್ಲಿ ನಿಲ್ಲುವ ಹಮಾಲನ ಕಿವಿಯನ್ನೂ ಪರೀಕ್ಷಿಸುತ್ತದೆ. ಇನ್ನೊಂದು ಕೆಲಸಕ್ಕೆ ಹೆಚ್ಚು ಖರ್ಚೂ ಇಲ್ಲ: ಸೇವೆ ಬಿಡುವ ಪ್ರತಿಯೊಬ್ಬನ ಕೈಗೆ, ಅಗ್ನಿವೀರನ ಕೈಗೂ, ಅವನು ಎಲ್ಲೆಲ್ಲಿ ನಿಂತಿದ್ದ, ಯಾವ ಸದ್ದು, ಎತ್ತರ, ರಾಸಾಯನಿಕಗಳಿಗೆ ಮೈಯೊಡ್ಡಿದ್ದ ಎಂಬ ಪೂರ್ತಿ ವೈದ್ಯಕೀಯ ದಾಖಲೆ ಕೊಡಬೇಕು. ಹದಿನೈದು ವರ್ಷದ ಮೇಲೆ ನೋವು ಬಂದಾಗ ಅವನ ಬಳಿ ಸಾಕ್ಷಿಯಾದರೂ ಇರುತ್ತದೆ.

ನಮ್ಮ ಹಿಂದಿನವರು ಈ ಹೊಣೆಯನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ‘ಬಾಳ್ಗಚ್ಚು’ ಕೊಟ್ಟ ಮಾತಿದೆ. ಕತ್ತಿ ತೊಳೆದು ಕೊಡುವ ಭೂಮಿ ಎಂದು ಅದರ ಅರ್ಥ. ಕಾಳಗ ಮುಗಿದ ಮೇಲೂ ಬದುಕುಳಿದವನಿಗೆ ಸಂದ ಸಲ್ಲಿಕೆ ಅದು. ಸತ್ತವರಿಗೆ ವೀರಗಲ್ಲು ನಿಲ್ಲಿಸುವುದನ್ನು ನಾವು ಇಂದಿಗೂ ಬೇರೆ ರೂಪದಲ್ಲಿ ಮಾಡುತ್ತೇವೆ. ಬಾಳ್ಗಚ್ಚನ್ನು ಮಾತ್ರ ಮರೆತಂತಿದೆ.

ಮಸ್ಕಿಗೆ ಇನ್ನೂ ಹಳೆಯ ನೆನಪಿದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲಿನ ಬರಹ ಕಂಡ. ದೇವಾನಾಂಪ್ರಿಯನೆಂಬ ಬಿರುದಿನ ಹಿಂದಿದ್ದ ಅಶೋಕ ಎಂಬ ಹೆಸರನ್ನು ಲೋಕ ಅವನದೇ ಶಾಸನದಲ್ಲಿ ಮೊದಲು ಓದಿದ್ದು ಇಲ್ಲೇ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ದಕ್ಕುತ್ತದೆ ಎಂಬುದು ಆ ಬಂಡೆಯ ಮಾತಿನ ತಿರುಳು. ಕಳಿಂಗದಲ್ಲಿ ಯುದ್ಧದ ಬೆಲೆ ಕಂಡ ಆ ರಾಜ ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳುತ್ತಾನೆ. ಮದ್ದಿನ ಗಿಡಗಳಿಲ್ಲದ ಕಡೆ ಬೇರೆಡೆಯಿಂದ ತರಿಸಿ ನೆಡಿಸಿದನಂತೆ. ದಾರಿಯ ಬದಿ ಬಾವಿ ತೋಡಿಸಿ ಮರ ಹಾಕಿಸಿದ್ದನ್ನೂ ಅದೇ ಶಾಸನದಲ್ಲಿ ಬರೆಸಿದ. ಮದ್ದು ಮತ್ತು ದಾರಿ ಎರಡೂ ಒಂದೇ ಹೊಣೆಯ ಭಾಗವೆಂದು ಅವನಿಗೆ ಹೊಳೆದಿತ್ತು. ಗಿಡವಿಲ್ಲದ ಊರಿನವರು ಗಿಡವಿರುವ ಊರಿಗೆ ನಡೆದು ಹೋಗಲಿ ಎಂದು ಅವನು ಬರೆಸಲಿಲ್ಲ.

ಆ ಬಂಡೆ ಇರುವ ತಾಲೂಕಿನಲ್ಲಿ ಹವಾಲ್ದಾರರೊಬ್ಬರು ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತಿರುತ್ತಾರೆ. ಸಿಯಾಚಿನ್‌ಗೆ ಮೊದಲ ಮದ್ದು ಮುಟ್ಟಿಸಲು ಗೊತ್ತಿರುವ ಸರ್ಕಾರಕ್ಕೆ ಸಿಂಧನೂರಿಗೆ ಎರಡನೆಯದನ್ನು ಮುಟ್ಟಿಸಲು ಬಾರದು ಎಂದರೆ ನಾನಂತೂ ನಂಬುವುದಿಲ್ಲ.